ಬೂಷ್ಟು ಬರಲೆಂದು ಕಾಯುವ ತೋಟ

ಕೊಯ್ಲಿಗೆ ಇಳಿದವರು ದುಂಡಗೆ ಹೊಳೆಯುವ ದ್ರಾಕ್ಷಿಯನ್ನು ಗೊಂಚಲಲ್ಲೇ ಬಿಡುತ್ತಾರೆ. ಅದರ ಪಕ್ಕದಲ್ಲೇ ಕಂದು ಬಣ್ಣಕ್ಕೆ ತಿರುಗಿ, ಮುದುಡಿ, ಮೈತುಂಬ ಬೂಷ್ಟು ಹೊದ್ದ ಹಣ್ಣನ್ನು ಮಾತ್ರ ಸಣ್ಣ ಕತ್ತರಿಯಿಂದ ಬಿಡಿಸಿ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ದ್ರಾಕ್ಷಿ ಬೆಳೆದು ಗೊತ್ತಿರುವ ನಮ್ಮ ಕಡೆಯ ರೈತರು ಇದನ್ನು ಕಂಡರೆ ಇವರಿಗೆ ತಲೆ ಸರಿಯಿದೆಯೇ ಎಂದು ಕೇಳಿಯಾರು. ಹೀಗೆ ಕೊಳೆತದ್ದನ್ನೇ ಹುಡುಕಿ ಕೀಳುವ ತೋಟ ಫ್ರಾನ್ಸಿನ ಬೋರ್ಡೊ ನಗರಕ್ಕೆ ಆಗ್ನೇಯದಲ್ಲಿ, ಸುಮಾರು 40 ಕಿಲೋಮೀಟರ್ ದೂರದ ಸೋತೆರ್ನ್ ಎಂಬಲ್ಲಿದೆ. ಸಿಹಿ ವೈನ್ ಮಾಡುವ ಈ ತೋಟದ ಹೆಸರು ಶಾತೋ ದಿಕೆಂ, ಚಿಕ್ಕದಾಗಿ ಇಕೆಂ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೊ ವೈನ್‌ಗಳಿಗೆ ದರ್ಜೆ ಕಟ್ಟಿದಾಗ, ಮೊದಲ ದರ್ಜೆಗಿಂತಲೂ ಮೇಲಿನ ಸ್ಥಾನವೊಂದನ್ನು ಸೃಷ್ಟಿಸಿ ಇದೊಂದನ್ನೇ ಅಲ್ಲಿ ಕೂರಿಸಲಾಯಿತು.

ಇಷ್ಟು ಕೀರ್ತಿಗೆ ಕಾರಣವಾದ ಶಿಲೀಂಧ್ರದ ಹೆಸರು ಬೊಟ್ರೈಟಿಸ್ ಸಿನೆರಿಯಾ. ಹೆಸರಿನ ಮೊದಲ ಪದಕ್ಕೆ ಗ್ರೀಕ್‌ನಲ್ಲಿ ದ್ರಾಕ್ಷಿಗೊಂಚಲು, ಎರಡನೆಯದಕ್ಕೆ ಲ್ಯಾಟಿನ್‌ನಲ್ಲಿ ಬೂದಿಯ ಬಣ್ಣ ಎಂಬ ಅರ್ಥವಿದೆ. (ದ್ರಾಕ್ಷಿ ಬೆಳೆಗಾರರು ಬೂದಿ ರೋಗ ಎನ್ನುವುದು ಇದಲ್ಲ, ಅದು ಬೇರೆಯೇ ಶಿಲೀಂಧ್ರ.) ಬೆಂಗಳೂರಿನ ಸುತ್ತ ಪಾಲಿಹೌಸ್‌ಗಳಲ್ಲಿ ಗುಲಾಬಿ ಬೆಳೆಯುವವರಿಗೆ ಬೊಟ್ರೈಟಿಸ್ ಎಂದರೆ ನಡುಕ. ರಫ್ತಿಗೆ ಕಟ್ಟಿಟ್ಟ ಮೊಗ್ಗಿನ ಎಸಳಿನ ಮೇಲೆ ಕಲೆ ಎಬ್ಬಿಸಿ ಶ್ರಮವನ್ನೆಲ್ಲ ನೀರುಪಾಲು ಮಾಡುವುದು ಇದೇ. ಸ್ಟ್ರಾಬೆರಿಯ ಮೇಲೆ ಬೂದು ತುಪ್ಪಳದಂತೆ ಬೆಳೆಯುವುದೂ ಇದೇ. ಫ್ರಾನ್ಸಿನಲ್ಲಿಯೂ ಬಹುಪಾಲು ತೋಟಗಾರರು ಇದನ್ನು ಓಡಿಸಲು ಔಷಧಿ ಹೊಡೆಯುತ್ತಾರೆ. ಹಾಗಾದರೆ ಸೋತೆರ್ನ್‌ನಲ್ಲಿ ಮಾತ್ರ ಇದಕ್ಕೆ ಏಕೆ ಸ್ವಾಗತ?

ಉತ್ತರ ಎರಡು ನದಿಗಳಲ್ಲಿದೆ. ಸಿರೋನ್ ಎಂಬ ಪುಟ್ಟ ಹೊಳೆ ದಟ್ಟ ಮರಗಳ ನೆರಳಿನಲ್ಲಿ ಹರಿದು ಬರುವುದರಿಂದ ಅದರ ನೀರು ತಣ್ಣಗಿರುತ್ತದೆ. ಅದು ಸೇರುವ ಗರೋನ್ ದೊಡ್ಡ ನದಿ, ನೀರು ಬೆಚ್ಚಗೆ. ಶರತ್ಕಾಲದ ರಾತ್ರಿಗಳಲ್ಲಿ ಈ ಎರಡೂ ಕೂಡುವ ಕಡೆ ಮಂಜು ಎದ್ದು, ತೋಟಗಳ ಮೇಲೆ ಹಬ್ಬಿ, ಬೆಳಿಗ್ಗೆ ತಡವಾಗುವವರೆಗೂ ಕದಲುವುದಿಲ್ಲ. ಹಣ್ಣಿನ ಮೇಲೆ ಕುಳಿತಿದ್ದ ಬೀಜಕಗಳು ಆ ತೇವದಲ್ಲಿ ಮೊಳೆತು, ತೆಳ್ಳನೆಯ ಎಳೆಗಳನ್ನು ಸಿಪ್ಪೆಯೊಳಗೆ ಇಳಿಬಿಡುತ್ತವೆ. ಮಧ್ಯಾಹ್ನ ಬಿಸಿಲು ಬಂದು, ಗಾಳಿ ಬೀಸಿ, ಎಲ್ಲವೂ ಒಣಗುತ್ತದೆ. ಶಿಲೀಂಧ್ರ ಸೋಲುವುದು ಇಲ್ಲಿಯೇ: ಸಿಪ್ಪೆಯಲ್ಲಿ ರಂಧ್ರ ಮಾಡಿಟ್ಟದ್ದು ಹೌದು, ಆದರೆ ಇಡೀ ಹಣ್ಣನ್ನು ನುಂಗುವಷ್ಟು ತೇವ ಅದಕ್ಕೆ ಸಿಗಲಿಲ್ಲ. ತೆರೆದ ರಂಧ್ರಗಳಿಂದ ಹಣ್ಣಿನ ನೀರು ಆವಿಯಾಗುತ್ತದೆ. ಮರುದಿನ ಮತ್ತೆ ಮಂಜು, ಮತ್ತೆ ಬಿಸಿಲು. ಬಿಸಿಲು ಬಾರದೆ ಮಳೆ ಹಿಡಿದರೆ ಕಥೆಯೇ ಬೇರೆ. ಸಿಪ್ಪೆ ಬಿರಿದು, ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಒಳಹೊಕ್ಕು, ಗೊಂಚಲೆಲ್ಲ ಹುಳಿ ನಾತ ಹೊಡೆಯುತ್ತದೆ. ಅದೇ ಶಿಲೀಂಧ್ರ, ಅದೇ ಹಣ್ಣು. ಫ್ರೆಂಚರು ಮೊದಲನೆಯದನ್ನು ಉದಾತ್ತ ಕೊಳೆತ ಎನ್ನುತ್ತಾರೆ, ಎರಡನೆಯದನ್ನು ಬರೀ ಬೂದು ಕೊಳೆತ.

ನೀರು ಹೋಗಿ ಸಕ್ಕರೆ ಉಳಿಯುವುದೇ ಗುಟ್ಟಾದರೆ ಒಣದ್ರಾಕ್ಷಿಯೇ ಸಾಕಿತ್ತಲ್ಲ ಎನ್ನಬಹುದು. ಸಾಲದು. ಬೊಟ್ರೈಟಿಸ್ ಹಣ್ಣಿನೊಳಗೆ ಉಣ್ಣುತ್ತ ಉಣ್ಣುತ್ತ ಅಡುಗೆಯನ್ನೂ ಮಾಡುತ್ತದೆ. ಸಕ್ಕರೆಯನ್ನು ಅದು ತಿನ್ನುವುದು ನಿಜವೇ, ಆದರೆ ದ್ರಾಕ್ಷಿಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲವನ್ನು ಇನ್ನೂ ಆಸೆಯಿಂದ ತಿನ್ನುತ್ತದೆ. ವೈನಿಗೆ ನುಣುಪು ಕೊಡುವ ಗ್ಲಿಸರಾಲ್ ಬಿಟ್ಟುಹೋಗುತ್ತದೆ. ಜೇನು, ಒಣಗಿದ ಏಪ್ರಿಕಾಟ್, ಕಿತ್ತಳೆ ಸಿಪ್ಪೆಯ ಮುರಬ್ಬ ನೆನಪಿಸುವ ಪರಿಮಳಗಳಿಗೂ ಅದರ ಕೈವಾಡವೇ ಕಾರಣ.

ಎಲ್ಲ ಹಣ್ಣಿಗೂ ಬೂಷ್ಟು ಒಂದೇ ದಿನ ಹಿಡಿಯುವುದಿಲ್ಲ ಎನ್ನುವುದೇ ದೊಡ್ಡ ತಲೆನೋವು. ಒಂದೇ ಗೊಂಚಲಿನಲ್ಲಿ ಒಂದು ಹಣ್ಣು ಬಂಗಾರದ ಬಣ್ಣದಲ್ಲಿರುತ್ತದೆ, ಇನ್ನೊಂದು ಕಂದಾಗಿ ಮೆತ್ತಗಾಗಿರುತ್ತದೆ, ಮೂರನೆಯದು ಸುಟ್ಟಂತೆ ಸುಕ್ಕುಗಟ್ಟಿರುತ್ತದೆ. ಈ ಕೊನೆಯ ಹಂತಕ್ಕೆ ಅಲ್ಲಿನವರ ಹೆಸರು ‘ರೋಟಿ’. ನಮ್ಮ ತಟ್ಟೆಯ ರೊಟ್ಟಿಗೂ ಅದಕ್ಕೂ ನಂಟಿಲ್ಲ, ಫ್ರೆಂಚಿನಲ್ಲಿ ಹುರಿದದ್ದು ಎಂದು ಅರ್ಥ. ಬೇಕಾದದ್ದು ಅದು ಮಾತ್ರ. ಹೀಗಾಗಿ ನೂರೈವತ್ತರಷ್ಟು ಮಂದಿ ಒಂದೇ ಸಾಲಿಗೆ ಐದಾರು ಬಾರಿ, ಕೆಲವು ವರ್ಷ ಅದಕ್ಕೂ ಹೆಚ್ಚು ಬಾರಿ, ವಾರಗಟ್ಟಲೆ ಮರಳಿ ಮರಳಿ ಹೋಗುತ್ತಾರೆ. ಇಂತಹ ಕೆಲಸಕ್ಕೆ ಯಂತ್ರ ಒಗ್ಗುವುದಿಲ್ಲ, ಪಳಗಿದ ಕಣ್ಣೇ ಬೇಕು. ಸುಮಾರು 100 ಹೆಕ್ಟೇರ್‌ನ ಈ ತೋಟದಲ್ಲಿ ಹೆಕ್ಟೇರಿಗೆ ಸಿಗುವುದು ಹೆಚ್ಚುಕಡಿಮೆ 900 ಲೀಟರ್. ಬೋರ್ಡೊದ ಕೆಂಪು ವೈನ್ ತೋಟಗಳಲ್ಲಿ ಇದರ ನಾಲ್ಕೈದು ಪಟ್ಟು ಬರುತ್ತದೆ. ಒಂದು ಬಳ್ಳಿಗೆ ಒಂದೇ ಲೋಟ ಎಂಬ ಮಾತು ಇಲ್ಲಿ ಹೆಚ್ಚೇನೂ ಉತ್ಪ್ರೇಕ್ಷೆಯಲ್ಲ.

ತೋಟದ ಬಹುಭಾಗ ಸೆಮಿಯೋನ್ ತಳಿ, ಉಳಿದದ್ದು ಸೋವಿನ್ಯೋನ್ ಬ್ಲಾಂ. ಸೆಮಿಯೋನ್‌ನ ಸಿಪ್ಪೆ ತೆಳು, ಬೂಷ್ಟಿಗೆ ಬಾಗಿಲು ತೆರೆದಿಟ್ಟಂತೆ. ಗುಡ್ಡದ ಮೇಲ್ಮೈ ಜಲ್ಲಿಯಾದರೂ ಅಡಿಯಲ್ಲಿ ನೀರು ಹಿಡಿದಿಡುವ ಜೇಡಿಮಣ್ಣಿರುವುದರಿಂದ, 19ನೇ ಶತಮಾನದಿಂದಲೂ ನೆಲದೊಳಗೆ ನೀರು ಬಸಿಯುವ ಕೊಳವೆಗಳನ್ನು ಹೂಳುತ್ತ ಬಂದಿದ್ದಾರೆ. ಅವುಗಳ ಒಟ್ಟು ಉದ್ದ ಸುಮಾರು 100 ಕಿಲೋಮೀಟರ್.

ಹಣ್ಣು ಹಿಂಡುವಾಗ ಇನ್ನೊಂದು ವಿಚಿತ್ರ. ಸಾಮಾನ್ಯವಾಗಿ ಮೊದಲು ಇಳಿಯುವ ರಸಕ್ಕೇ ಬೆಲೆ. ಇಲ್ಲಿ ಸುಕ್ಕುಗಟ್ಟಿದ ಹಣ್ಣು ಸುಲಭಕ್ಕೆ ರಸ ಬಿಡದ ಕಾರಣ, ಕೊನೆಯ ಒತ್ತಿನಲ್ಲಿ ಜಿನುಗುವುದೇ ಅತ್ಯಂತ ಸಿಹಿ. ಹುದುಗಿದರೆ 20 ಶೇಕಡಾ ಆಲ್ಕೋಹಾಲ್ ಆಗಬಲ್ಲಷ್ಟು ಸಕ್ಕರೆ, ಅಂದರೆ ಲೀಟರಿಗೆ ಸುಮಾರು 340 ಗ್ರಾಂ, ಆ ರಸದಲ್ಲಿ ಇರಬೇಕೆಂದು ಬಯಸುತ್ತಾರೆ. ಹೊಸ ಓಕ್ ಪೀಪಾಯಿಯಲ್ಲಿ ಯೀಸ್ಟ್ ಕೆಲಸ ಶುರು ಮಾಡುತ್ತದೆ, ಏದುಸಿರು ಬಿಡುತ್ತ. ಉಪ್ಪು ಹಾಕಿದ ಮಾವಿನ ಹೋಳು ನೀರು ಬಿಡುವ ಹಾಗೆ, ದಟ್ಟ ಸಕ್ಕರೆ ಯೀಸ್ಟ್ ಕೋಶದ ನೀರನ್ನು ಹೊರಗೆಳೆಯುತ್ತದೆ. ಮೇಲಿಂದ ತಾನೇ ತಯಾರಿಸಿದ ಆಲ್ಕೋಹಾಲ್ ಬೇರೆ ಅದಕ್ಕೆ ವಿಷ. ಆಲ್ಕೋಹಾಲ್ 13.5 ಶೇಕಡಾದ ಆಸುಪಾಸಿಗೆ ಬರುವಷ್ಟರಲ್ಲಿ ಯೀಸ್ಟ್ ಕೈಚೆಲ್ಲುತ್ತದೆ. ಲೀಟರಿಗೆ ನೂರು ಗ್ರಾಂಗೂ ಮೀರಿದ ಸಕ್ಕರೆ ಹಾಗೆಯೇ ಉಳಿಯುತ್ತದೆ. ಈ ವೈನಿನ ಸಿಹಿ ಹೊರಗಿನಿಂದ ಬೆರೆಸಿದ್ದಲ್ಲ, ಯೀಸ್ಟಿನ ಕೈಲಿ ತಿಂದು ಮುಗಿಸಲಾಗದೆ ಉಳಿದದ್ದು.

ಕೊಳೆತ ಹಣ್ಣಿನ ಈ ವೈನ್ ಹೇಗೆ ಹುಟ್ಟಿತು ಎಂಬುದಕ್ಕೆ ಒಂದು ದಂತಕಥೆಯಿದೆ: 1847ರಲ್ಲಿ ಒಡೆಯ ರಷ್ಯಾದಿಂದ ಮರಳುವುದು ತಡವಾಯಿತು, ಅವನ ಅಪ್ಪಣೆಯಿಲ್ಲದೆ ಕೊಯ್ಯುವಂತಿರಲಿಲ್ಲ, ಅಷ್ಟರಲ್ಲಿ ಹಣ್ಣು ಕೊಳೆತಿತ್ತು. ಕೇಳಲು ಸೊಗಸಾಗಿದೆ, ನಾನಂತೂ ನಂಬುವುದಿಲ್ಲ. ಬೂಷ್ಟು ಹಿಡಿದ ದ್ರಾಕ್ಷಿಯ ಸಿಹಿ ವೈನಿಗೆ ಹಂಗೆರಿಯ ತೊಕಾಯ್ ಅದಕ್ಕಿಂತ ಎಷ್ಟೋ ಮೊದಲೇ ಹೆಸರಾಗಿತ್ತು. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಕೂಡ 1780ರ ದಶಕದಲ್ಲಿಯೇ ಇಕೆಂ ವೈನನ್ನು ಬಾಟಲಿಗಟ್ಟಲೆ ತರಿಸಿಕೊಂಡಿದ್ದ.

ಆ ತೋಟವನ್ನು 1785ರ ಮದುವೆಯೊಂದರಿಂದ ಲೂರ್ ಸಲ್ಯೂಸ್ ಮನೆತನ ಎರಡು ಶತಮಾನ ಆಳಿತು. 1990ರ ದಶಕದ ಕೊನೆಯಲ್ಲಿ ಅದು ಎಲ್‌ವಿಎಂಎಚ್ ಎಂಬ ಐಷಾರಾಮಿ ಸರಕುಗಳ ಕಂಪನಿಯ ಪಾಲಾಯಿತು. ಒಡೆತನ ಬದಲಾದರೂ ಹಳೆಯ ಹಠವೊಂದು ಉಳಿಯಿತು. ಮಂಜು ಮತ್ತು ಬಿಸಿಲಿನ ಲೆಕ್ಕ ತಪ್ಪಿದ ವರ್ಷ ಇಕೆಂ ಹೆಸರಿನಲ್ಲಿ ಈ ಸಿಹಿ ವೈನನ್ನು ಮಾರುವುದೇ ಇಲ್ಲ. 2012ರಲ್ಲಿ ಮಳೆ ಕಾಡಿದಾಗ ಹೊಸ ಒಡೆಯರೂ ಹಾಗೆಯೇ ಮಾಡಿದರು. 1964, 1972, 1974 ಅಥವಾ 1992ರಲ್ಲಿ ಹುಟ್ಟಿದವರು ತಮ್ಮ ಜನ್ಮವರ್ಷದ ಬಾಟಲಿಗಾಗಿ ಎಷ್ಟೇ ಹಣ ಹಿಡಿದು ಅಲೆದರೂ ಬರಿಗೈಯಲ್ಲೇ ಮರಳಬೇಕು.