ರಾಗಿ ಕಾಳಿನ ಕ್ಯಾಲ್ಸಿಯಂ ಮತ್ತು ‘ಒಟ್ಟು 100’ರ ಹಿಂದಿನ ಕಥೆ

ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ ಎಂಬುದು ಮಂಡ್ಯದ ಶಾಲಾ ಮಕ್ಕಳಿಗೂ ಗೊತ್ತು. 100 ಗ್ರಾಂ ಕಾಳಿಗೆ ಸುಮಾರು 350 ಮಿಲಿಗ್ರಾಂ, ಅಂದರೆ ತೂಕದ ಶೇ 0.35ರಷ್ಟು. ಕಾಳನ್ನು ಸುಟ್ಟು ಬೂದಿ ಮಾಡಿ ಅಳೆದರೆ ಸಿಗುವ ಲೆಕ್ಕ ಇದು. ಆ ಕ್ಯಾಲ್ಸಿಯಂ ಕಾಳಿನ ಯಾವ ಪದರದಲ್ಲಿ ಕೂತಿತ್ತು ಎಂಬುದನ್ನು ಮಾತ್ರ ಬೂದಿ ಹೇಳುವುದಿಲ್ಲ. ಹಾಗಾಗಿಯೇ, ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ಎಂಬ ರಾಗಿ ತಳಿಗಳನ್ನು ಕೊಟ್ಟ ಈ ನೆಲದಲ್ಲಿ ರಾಗಿಯ ಮೇಲೆ ಪಿಎಚ್‌ಡಿ ಮಾಡುವವರು ‘ಎಸ್‌ಇಎಂ-ಇಡಿಎಕ್ಸ್ ಮಾಡಿಸಬೇಕು’ ಎನ್ನುತ್ತಾರೆ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಳಿನ ಮೇಲೆ ಇಲೆಕ್ಟ್ರಾನ್ ಕಿರಣ ಹಾಯಿಸಿ, ಹೊಮ್ಮುವ ಎಕ್ಸ್-ರೇಯಿಂದ ಧಾತುಗಳನ್ನು ಗುರುತಿಸುವ ವಿಧಾನ ಇದು. ಮಾಡಿಸಿದರೆ ಕೈಗೊಂದು ಕೋಷ್ಟಕ ಬರುತ್ತದೆ: ಇಂಗಾಲ, ಆಮ್ಲಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕೊನೆಗೆ ಒಟ್ಟು 100.00. ಈ ನೂರನ್ನು ನಂಬುವ ಮುಂಚೆ ಅದು ನಡೆದು ಬಂದ ದಾರಿಯನ್ನು ನೋಡಬೇಕು.

ಪ್ರತಿ ಧಾತುವಿನ ಎಕ್ಸ್-ರೇಗೂ ಅದರದೇ ಶಕ್ತಿಯ ಗುರುತು, ಅಂದರೆ ‘ಗೆರೆ’, ಇದೆ ಎಂದು 1913ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಮೋಸ್ಲಿ ತೋರಿಸಿದರು. 1951ರಲ್ಲಿ ಪ್ಯಾರಿಸ್‌ನ ಕಾಸ್ಟೇಂಗ್ ಇಲೆಕ್ಟ್ರಾನ್ ಕಿರಣ ಹಾಯಿಸಿ ಲೋಹದ ಮೈಕ್ರಾನ್ ಗಾತ್ರದ ಚುಕ್ಕೆಗಳನ್ನು ಅಳೆದರು. 1968ರಲ್ಲಿ ಸಿಲಿಕಾನ್ ಡಿಟೆಕ್ಟರ್ ಬಂದ ಮೇಲೆ ಹಲವು ಧಾತುಗಳು ಒಟ್ಟಿಗೇ ಕಾಣತೊಡಗಿದವು. ಲೋಹಕ್ಕೆ ಲೆಕ್ಕ ಸಲೀಸು. ಹೊಳಪು ಕೊಟ್ಟ ಸಮತಟ್ಟು ಮೈ, ಹೋಲಿಸಲು ಶುದ್ಧ ಧಾತುವಿನ ತುಂಡು.

ಜೀವಕೋಶ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದರ ಬಹುಪಾಲು ನೀರು, ನಿರ್ವಾತದಲ್ಲಿ ನೀರು ನಿಲ್ಲದು. ಕೋಶವನ್ನು ಕೆಡದಂತೆ ಹಿಡಿದಿಡುವ ಗ್ಲುಟರಾಲ್ಡಿಹೈಡ್‌ನಲ್ಲಿ ನೆನೆಸಿ, ಆಲ್ಕೋಹಾಲ್‌ನಲ್ಲಿ ಒಣಗಿಸಿದರೆ ಸೋಡಿಯಂ, ಪೊಟ್ಯಾಸಿಯಂ, ಕ್ಲೋರಿನ್ ತೊಳೆದುಹೋಗುತ್ತವೆ. ಚಿತ್ರ ಎದ್ದು ಕಾಣಲೆಂದು ಹಾಕುವ ಆಸ್ಮಿಯಂ ಎಂಬ ಭಾರ ಲೋಹದ ಗೆರೆ ರಂಜಕದ ಗೆರೆಯ ಮೇಲೇ ಬಂದು ಕೂರುತ್ತದೆ. ಕೋಶದಲ್ಲಿ ಪೊಟ್ಯಾಸಿಯಂ ದಂಡಿಯಾಗಿದೆ. ಎಕ್ಸ್-ರೇ ಶಕ್ತಿಯ ಅಳತೆಯಲ್ಲಿ ಅದರ ಎರಡನೇ ಗೆರೆ 3.59 ಕಿಲೋ ಇಲೆಕ್ಟ್ರಾನ್ ವೋಲ್ಟ್‌ನಲ್ಲಿ, ಕ್ಯಾಲ್ಸಿಯಂನ ಗೆರೆ 3.69ರಲ್ಲಿ. ಡಿಟೆಕ್ಟರಿಗೆ ಎರಡೂ ಸೇರಿ ಒಂದೇ ಗುಡ್ಡ.

ಇಲ್ಲಿಗೆ ಬಂದವರು ಥಿಯೋಡೋರ್ ಹಾಲ್. ಹದಿಹರೆಯದಲ್ಲೇ ಲಾಸ್ ಅಲಮೋಸ್‌ನ ಅಣುಬಾಂಬ್ ಯೋಜನೆ ಸೇರಿದ್ದ ಭೌತವಿಜ್ಞಾನಿ, 1962ರಲ್ಲಿ ಕೇಂಬ್ರಿಡ್ಜ್‌ಗೆ ಬಂದರು. ಎಕ್ಸ್-ರೇ ಶಕ್ತಿಗಳ ನಕ್ಷೆಯಾದ ಸ್ಪೆಕ್ಟ್ರಮ್‌ನಲ್ಲಿ ಗೆರೆಗಳ ಅಡಿಗೆ ಹರಡಿರುವ ಹಿನ್ನೆಲೆಯನ್ನು ಬಹಳ ಮಂದಿ ಕಳೆದು ಎಸೆಯುತ್ತಿದ್ದರು. ತೆಳುವಾದ ಸೀಳಿನಲ್ಲಿ ಆ ಹಿನ್ನೆಲೆಯೇ ಅಲ್ಲಿರುವ ಒಟ್ಟು ದ್ರವ್ಯದ ಅಳತೆ ಎಂಬುದನ್ನು ಹಾಲ್ ಬಳಸಿಕೊಂಡರು. ಗೆರೆಯನ್ನು ಹಿನ್ನೆಲೆಯಿಂದ ಭಾಗಿಸಿ, ಗೊತ್ತಿರುವಷ್ಟು ಉಪ್ಪು ಬೆರೆಸಿದ ಜೆಲಟಿನ್‌ನಂಥ ಮಾದರಿಯೊಂದಿಗೆ ಹೋಲಿಸಿದರೆ ಉತ್ತರ ಸಿಗುತ್ತದೆ: ಒಂದು ಕಿಲೋ ಒಣ ತೂಕಕ್ಕೆ ಇಷ್ಟು ಮಿಲಿಮೋಲ್. ಇಂಥದ್ದಕ್ಕೇ ಸಾಂದ್ರತೆ ಎನ್ನಬೇಕು. ಇದಕ್ಕಾಗಿ ಅಂಗಾಂಶವನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ, ಹೆಪ್ಪಿನಲ್ಲೇ ಸೀಳಿ, ಹಾಗೆಯೇ ಒಣಗಿಸಬೇಕಿತ್ತು. ಕಿರಣದ ಹೊಡೆತಕ್ಕೆ ಸಾವಯವ ದ್ರವ್ಯ ಆವಿಯಾಗಿ ಹೋದರೆ ಭಾಜಕ ಕುಗ್ಗಿ, ಸಂಖ್ಯೆ ಸುಳ್ಳೇ ಏರುತ್ತದೆ. ಅದನ್ನು ತಡೆಯಲು ಮತ್ತೆ ಶೀತಲ ವೇದಿಕೆ.

ಇಷ್ಟು ಕಷ್ಟಪಟ್ಟದ್ದಕ್ಕೆ ಫಲ ಸಿಕ್ಕಿತು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾವನ್ನು ಪ್ರತ್ಯೇಕಿಸಿದಾಗ ಅದು ಕ್ಯಾಲ್ಸಿಯಂ ಹೀರುವುದನ್ನು ಕಂಡು, ಕೋಶದ ಕ್ಯಾಲ್ಸಿಯಂ ಉಗ್ರಾಣ ಅದೇ ಎಂದು ಅನೇಕರು ನಂಬಿದ್ದರು. 1970ರ ದಶಕದ ಕೊನೆಗೆ ಸೊಮ್ಲಿಯೊ ದಂಪತಿ ಹೆಪ್ಪುಗಟ್ಟಿಸಿದ ನಯ ಸ್ನಾಯುವನ್ನು ಹೀಗೆ ಅಳೆದಾಗ, ಸ್ವಸ್ಥ ಕೋಶದ ಮೈಟೊಕಾಂಡ್ರಿಯಾದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ ಇತ್ತು.

ಆಮೇಲೆ ಯಂತ್ರಗಳು ಚುರುಕಾದವು, ದ್ರವ ಸಾರಜನಕ ಬೇಡದ ಡಿಟೆಕ್ಟರ್‌ಗಳು ಬಂದವು. ಹೋಲಿಕೆಯ ಮಾದರಿ ಇಲ್ಲದೆಯೇ ಸಾಫ್ಟ್‌ವೇರ್ ಶೇಕಡಾವಾರು ಕೊಡತೊಡಗಿತು. ಅದು ಕಂಡ ಧಾತುಗಳನ್ನಷ್ಟೇ ಕೂಡಿಸಿ ನೂರಕ್ಕೆ ಹೊಂದಿಸುತ್ತದೆ. ಜಲಜನಕ ಅದಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಇಂಗಾಲದ ಲೆಕ್ಕ ತಪ್ಪಿದರೆ ಕ್ಯಾಲ್ಸಿಯಂನದೂ ತಪ್ಪುತ್ತದೆ, ಮೊತ್ತ ಮಾತ್ರ ನೂರೇ.

ಬ್ಲೇಡಿನಲ್ಲಿ ಸೀಳಿದ ರಾಗಿ ಕಾಳನ್ನು ಕಾರ್ಬನ್ ಟೇಪಿಗೆ ಅಂಟಿಸಿ ಚಿನ್ನ ಲೇಪಿಸುತ್ತಾರಲ್ಲ, ಆ ಚಿನ್ನದ ಗೆರೆ 2.12ರಲ್ಲಿ ಎದ್ದು, 2.01ರ ರಂಜಕವನ್ನೂ 2.31ರ ಗಂಧಕವನ್ನೂ ಎರಡೂ ಕಡೆಗೆ ಒತ್ತುತ್ತದೆ. ಸೀಳಿದ ಮೈ ಉಬ್ಬುತಗ್ಗು. ಹಗುರ ಧಾತುಗಳ ಎಕ್ಸ್-ರೇ ಅಲ್ಲೇ ಇಂಗಿಹೋಗುತ್ತದೆ. ಇಡಿಎಕ್ಸ್‌ಗೆ ಕಾಣುವ ಕನಿಷ್ಠ ಪ್ರಮಾಣವೇ ಸುಮಾರು ಶೇ 0.1. ಕಾಳಿನ ಸರಾಸರಿ ಕ್ಯಾಲ್ಸಿಯಂ ಅದರ ಮೂರೂವರೆ ಪಟ್ಟು ಮಾತ್ರ. ಹೊರಪದರದ ಒಂದು ಚುಕ್ಕೆಯಲ್ಲಿ ಕ್ಯಾಲ್ಸಿಯಂ ಶೇ 2 ಎಂದು ಬಂದರೆ ಅದು ಆ ಚುಕ್ಕೆಯ ಮಾತು, ಆ ತಳಿಯ ಮಾತಲ್ಲ. ಎರಡು ತಳಿಗಳನ್ನು ಇಂಥ ಸಂಖ್ಯೆಗಳಿಂದ ತೂಗುವುದು ರೈತರಿಗೂ ನ್ಯಾಯವಲ್ಲ.

ಇಡಿಎಕ್ಸ್ ಮ್ಯಾಪ್ ‘ಎಲ್ಲಿ’ ಎಂಬುದನ್ನು ಚೆನ್ನಾಗಿಯೇ ತೋರಿಸುತ್ತದೆ. ‘ಎಷ್ಟು’ ಬೇಕಿದ್ದರೆ ಹೊಟ್ಟು ಮತ್ತು ಒಳಹಿಟ್ಟನ್ನು ಬೇರ್ಪಡಿಸಿ, ಆಮ್ಲದಲ್ಲಿ ಕರಗಿಸಿ, ದ್ರಾವಣದಲ್ಲಿ ಧಾತು ಎಷ್ಟಿದೆ ಎಂದು ಅಳೆಯುವ ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರಕ್ಕೆ ಕೊಡಬೇಕು. ಚಿನ್ನದ ಬದಲು ಇಂಗಾಲ ಲೇಪಿಸಿ, ಕೋಷ್ಟಕದ ಜೊತೆಗೆ ಮೂಲ ಸ್ಪೆಕ್ಟ್ರಮ್ ಮತ್ತು ಬಳಸಿದ ವೋಲ್ಟೇಜನ್ನೂ ಪ್ರಬಂಧದಲ್ಲಿ ಅಚ್ಚು ಹಾಕಿದರೆ, ಓದುವವರು 3.69ರ ಗುಡ್ಡವನ್ನು ತಾವೇ ನೋಡಿ ಅಳೆಯಬಹುದು.