ಕರೆಂಟ್ ಹೋದಾಗ ಪರದೆಗೆ ಬರಬೇಕಾದ ಎರಡು ಸಾಲು

ಯುಪಿಎಸ್ ಇದ್ದ ಮೇಲೆ ಕೆಲಸ ಹಾಳಾಗುವುದಿಲ್ಲ ಎಂದು ನಮ್ಮ ಬಹಳಷ್ಟು ಕಾಲೇಜುಗಳೂ ಕಚೇರಿಗಳೂ ನಂಬಿಕೊಂಡಿವೆ. ಯುಪಿಎಸ್ ಕೊಡುವುದು ಕೆಲವು ನಿಮಿಷಗಳ ಅವಕಾಶವನ್ನು ಮಾತ್ರ. ಆ ಹೊತ್ತಿನಲ್ಲಿ ಕಡತವನ್ನು ಸೇವ್ ಮಾಡದಿದ್ದರೆ, ಯಂತ್ರ ಎಷ್ಟೇ ಕ್ರಮಬದ್ಧವಾಗಿ ಬಂದ್ ಆದರೂ ವಿದ್ಯಾರ್ಥಿ ಬೆಳಗಿನಿಂದ ಬರೆದ ಪ್ರಾಜೆಕ್ಟ್ ವರದಿ ಅರ್ಧಕ್ಕೇ ನಿಲ್ಲಬಹುದು. ಲಾಗಿನ್ ಆಗಿರುವ ಎಲ್ಲರಿಗೂ ಒಟ್ಟಿಗೆ ಸಂದೇಶ ಕಳಿಸುವ ಸಣ್ಣ ಸ್ಕ್ರಿಪ್ಟ್ (ಯಂತ್ರಕ್ಕೆ ಕೊಡುವ ಆದೇಶಗಳ ಪಟ್ಟಿ) ಇಲ್ಲಿ ಬೇಕಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಹಲವು ಸಲ ವಿದ್ಯುತ್ ಕೈಕೊಡುವ ಊರುಗಳಲ್ಲಂತೂ ಇದು ಅನುಕೂಲದ ಮಾತಲ್ಲ, ಅಗತ್ಯ.

ಲಿನಕ್ಸ್ ಲ್ಯಾಬ್‌ಗಳಲ್ಲಿ ಯುಪಿಎಸ್ ಮೇಲೆ ನಿಗಾ ಇಡಲು ಹೆಚ್ಚಾಗಿ ಬಳಸುವುದು ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ ಎಂಬ ಮುಕ್ತ ತಂತ್ರಾಂಶವನ್ನು. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಒಂದು ಯಂತ್ರಕ್ಕೆ ಸೇರಿರುತ್ತದೆ; ಉಳಿದ ಯಂತ್ರಗಳಲ್ಲಿ ಓಡುವ, ಇದೇ ತಂತ್ರಾಂಶದ ಭಾಗವಾದ ‘ಯುಪಿಎಸ್‌ಮಾನ್’ ನೆಟ್‌ವರ್ಕ್ ಮೂಲಕ ಯುಪಿಎಸ್‌ನ ಸ್ಥಿತಿಯನ್ನು ಕೇಳಿಕೊಳ್ಳುತ್ತಿರುತ್ತದೆ. ನೆಟ್‌ವರ್ಕ್ ಸ್ವಿಚ್ ಕೂಡ ಯುಪಿಎಸ್ ಮೇಲೆಯೇ ಇರಬೇಕು. ಗೋಡೆಯ ಪ್ಲಗ್‌ಗೆ ಹಾಕಿದ ಸ್ವಿಚ್ ಕರೆಂಟ್ ಜೊತೆಗೇ ಸತ್ತರೆ ಯಾವ ಯಂತ್ರಕ್ಕೂ ಸುದ್ದಿ ಮುಟ್ಟುವುದಿಲ್ಲ.

ಯುಪಿಎಸ್ ಬ್ಯಾಟರಿಗೆ ಹೊರಳಿದ ಕೂಡಲೇ ಯುಪಿಎಸ್‌ಮಾನ್ ತಾನಾಗಿ ಎರಡು ಕೆಲಸ ಮಾಡುತ್ತದೆ: ಲಾಗ್‌ನಲ್ಲಿ ಬರೆಯುತ್ತದೆ, ‘ವಾಲ್’ ಆದೇಶದ ಮೂಲಕ ಎಲ್ಲರಿಗೂ ಸಂದೇಶ ಕಳಿಸುತ್ತದೆ. ಹಾಗಾದರೆ ಬೇರೆ ಸ್ಕ್ರಿಪ್ಟ್ ಏಕೆ? ವಾಲ್ ಬರೆಯುವುದು ಟರ್ಮಿನಲ್‌ಗಳಿಗೆ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಪಠ್ಯ ಪರದೆಗಳಿಗೆ ಮಾತ್ರ. ಡೆಸ್ಕ್‌ಟಾಪ್‌ನಲ್ಲಿ ಲಿಬ್ರೆ ಆಫೀಸ್ ತೆರೆದು ಕುಳಿತವರಿಗೆ ಅದು ಕಾಣಿಸುವುದೇ ಇಲ್ಲ. ಎಸ್‌ಎಸ್‌ಎಚ್ ಮೂಲಕ ಬೇರೆ ಯಂತ್ರದಿಂದ ಬಂದು, ಟರ್ಮಿನಲ್‌ನಲ್ಲಿಯೇ ಓಡುವ ವಿಐ ಸಂಪಾದಕದಲ್ಲಿ ಕೋಡ್ ತಿದ್ದುತ್ತಿರುವವರಿಗೆ ಕಾಣುತ್ತದೆ, ಅದೂ ಪಠ್ಯದ ಮೇಲೆಯೇ ಬಂದು ಬೀಳುತ್ತದೆ. ಮೊದಲ ಸಲ ನೋಡಿದವರು ಕಡತವೇ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಕಡತಕ್ಕೆ ಏನೂ ಆಗಿರುವುದಿಲ್ಲ; ಕಂಟ್ರೋಲ್ ಮತ್ತು ಎಲ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪರದೆ ಮೊದಲಿನಂತಾಗುತ್ತದೆ. ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಇದನ್ನು ಹೇಳಿಕೊಡಿ.

ಡೆಸ್ಕ್‌ಟಾಪ್‌ಗೆ ಬೇಕಾದದ್ದು ಪರದೆಯ ಮೇಲೆ ಸೂಚನೆಯನ್ನು ತೋರಿಸುವ ‘ನೋಟಿಫೈ-ಸೆಂಡ್’ ಆದೇಶ. ಹೆಚ್ಚಿನವರು ಎಡವುವುದು ಇಲ್ಲಿಯೇ. ಕೈಯಿಂದ ಓಡಿಸಿದರೆ ಸಂದೇಶ ಬರುತ್ತದೆ, ಅದೇ ಸಾಲನ್ನು ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೋ ಯುಪಿಎಸ್‌ಮಾನ್‌ಗೋ ಒಪ್ಪಿಸಿದರೆ ಸದ್ದೇ ಇಲ್ಲ. ಪ್ರತಿ ಬಳಕೆದಾರರ ಡೆಸ್ಕ್‌ಟಾಪ್‌ಗೂ ಡಿ-ಬಸ್ ಎಂಬ ಸ್ವಂತ ಸಂದೇಶವಾಹಕ ಇರುತ್ತದೆ. ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್‌ಗೆ ಅದರ ವಿಳಾಸ ಗೊತ್ತಿರುವುದಿಲ್ಲ. ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಇರುವ ಇಂದಿನ ಲಿನಕ್ಸ್‌ಗಳಲ್ಲಿ ಆ ವಿಳಾಸ ಸಾಮಾನ್ಯವಾಗಿ ‘ರನ್’ ಕೋಶದೊಳಗಿನ ‘ಯೂಸರ್’ ಕೋಶದಲ್ಲಿ, ಬಳಕೆದಾರರ ಕ್ರಮಸಂಖ್ಯೆಯ ಹೆಸರಿನಡಿ, ‘ಬಸ್’ ಎಂಬ ಸಾಕೆಟ್ (ಪ್ರೋಗ್ರಾಂಗಳು ಮಾತಾಡಿಕೊಳ್ಳುವ ದ್ವಾರ) ಆಗಿ ಸಿಗುತ್ತದೆ.

ಹೀಗಾಗಿ ಸ್ಕ್ರಿಪ್ಟ್ ಮೊದಲು ‘ಲಾಗಿನ್‌ಸಿಟಿಎಲ್’ ಆದೇಶದಿಂದ ಸೆಷನ್‌ಗಳ, ಅಂದರೆ ಸದ್ಯ ನಡೆಯುತ್ತಿರುವ ಲಾಗಿನ್‌ಗಳ ಪಟ್ಟಿಯನ್ನು ಪಡೆಯಬೇಕು. ಪ್ರತಿ ಸೆಷನ್‌ನ ವರ್ಗವನ್ನೂ ಬಗೆಯನ್ನೂ ಕೇಳಬೇಕು. ವರ್ಗ ‘ಗ್ರೀಟರ್’ ಆಗಿದ್ದರೆ ಅದು ಬರೀ ಲಾಗಿನ್ ಪರದೆ, ಅಲ್ಲಿ ಮನುಷ್ಯರಿಲ್ಲ, ಬಿಟ್ಟುಬಿಡಿ. ಬಗೆ ಎಕ್ಸ್11 ಅಥವಾ ವೇಲ್ಯಾಂಡ್ (ಎರಡೂ ಡೆಸ್ಕ್‌ಟಾಪ್) ಆಗಿದ್ದರೆ, ಆ ಬಳಕೆದಾರರ ಹೆಸರಿನಲ್ಲಿಯೇ, ಅವರ ಬಸ್ ವಿಳಾಸವನ್ನು ಕೊಟ್ಟು ನೋಟಿಫೈ-ಸೆಂಡ್ ಓಡಿಸಬೇಕು. ಟಿಟಿವೈ (ಟರ್ಮಿನಲ್) ಆಗಿದ್ದರೆ ವಾಲ್ ಸಾಕು. ತುರ್ತಿನ ಮಟ್ಟವನ್ನು ‘ಕ್ರಿಟಿಕಲ್’ ಎಂದೇ ಕೊಡಿ. ಸಂದೇಶ ಎಷ್ಟು ಹೊತ್ತು ಇರಬೇಕೆಂದು ಬರೆದರೂ ಗ್ನೋಮ್ ಡೆಸ್ಕ್‌ಟಾಪ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕ್ರಿಟಿಕಲ್ ಸಂದೇಶವಾದರೆ ಓದುಗರು ತಾವಾಗಿ ಮುಚ್ಚುವವರೆಗೆ ಇರುತ್ತದೆ.

ಅನುಮತಿಯ ತೊಡಕೂ ಒಂದಿದೆ. ಯುಪಿಎಸ್‌ಮಾನ್ ನಿಮ್ಮ ಸ್ಕ್ರಿಪ್ಟ್ ಅನ್ನು ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದಿಂದ ಓಡಿಸುವುದಿಲ್ಲ, ಅಧಿಕಾರವಿಲ್ಲದ ಪ್ರತ್ಯೇಕ ಖಾತೆಯಿಂದ ಓಡಿಸುತ್ತದೆ. ಅದು ಒಳ್ಳೆಯ ಏರ್ಪಾಡು. ಆ ಖಾತೆಗೆ ಈ ಒಂದು ಸ್ಕ್ರಿಪ್ಟ್‌ಗೆ ಮಾತ್ರ ಸುಡೊ (ರೂಟ್ ಅಧಿಕಾರದಿಂದ ಓಡಿಸುವ) ಅನುಮತಿ ಕೊಡಿ, ಎಲ್ಲದಕ್ಕೂ ಬಾಗಿಲು ತೆರೆಯಬೇಡಿ. ಎಲ್ಲರ ಪರದೆಗೆ ಬರೆಯುವ ಅಧಿಕಾರ ಸಣ್ಣದೇನಲ್ಲ. 2024ರಲ್ಲಿ ವಾಲ್ ಆದೇಶದಲ್ಲಿಯೇ ಒಂದು ದೋಷ ಬಯಲಾಯಿತು: ಸಂದೇಶದೊಳಗೆ ಅಡಗಿಸಿದ ನಿಯಂತ್ರಣ ಚಿಹ್ನೆಗಳನ್ನು ಅದು ಸೋಸುತ್ತಿರಲಿಲ್ಲ. ಸಾಮಾನ್ಯ ಬಳಕೆದಾರರೊಬ್ಬರು ಇನ್ನೊಬ್ಬರ ಟರ್ಮಿನಲ್‌ನಲ್ಲಿ ಸುಡೊ ಪಾಸ್‌ವರ್ಡ್ ಕೇಳುವಂತೆ ನಟಿಸಬಹುದಿತ್ತು. 2013ರಿಂದಲೂ ಇದ್ದ ಈ ದೋಷ, ವಾಲ್ ಅನ್ನು ಒಳಗೊಂಡ ಯುಟಿಲ್-ಲಿನಕ್ಸ್ ಎಂಬ ತಂತ್ರಾಂಶ ಕಟ್ಟಿನ 2.40ನೆಯ ಆವೃತ್ತಿಯಲ್ಲಿ ಸರಿಹೋಯಿತು. ಆದ್ದರಿಂದ ಪ್ರಸಾರ ಸಂದೇಶದಲ್ಲಿ ಎಂದಿಗೂ ಪಾಸ್‌ವರ್ಡ್ ಕೇಳಬೇಡಿ, ಯಾವ ಕೊಂಡಿಯನ್ನೂ ಒತ್ತಲು ಹೇಳಬೇಡಿ. ನಿಜವಾದ ಸಂದೇಶ ಹಾಗೆ ಕೇಳುವುದಿಲ್ಲ ಎಂಬುದು ಜನರಿಗೆ ರೂಢಿಯಾಗಬೇಕು.

ವಿಂಡೋಸ್ ಯಂತ್ರಗಳಿದ್ದರೆ ಇದೇ ಕೆಲಸಕ್ಕೆ ‘ಎಂಎಸ್‌ಜಿ’ ಆದೇಶ ಇದೆ. ಹೋಮ್ ಆವೃತ್ತಿಗಳಲ್ಲಿ ಅದು ಸಿಗುವುದಿಲ್ಲ. ಹಳಬರು ನೆನಪಿಸಿಕೊಳ್ಳುವ ‘ನೆಟ್ ಸೆಂಡ್’ ಎಂಬ ಸಂದೇಶದ ಆದೇಶವನ್ನು ಜಾಹೀರಾತು ಕಳಿಸುವವರು ಹಾಳುಗೆಡವಿದರು. ಅದರ ಹಿಂದಿದ್ದ ಸೇವೆಯನ್ನು ಮೈಕ್ರೋಸಾಫ್ಟ್ 2004ರಲ್ಲಿ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನಲ್ಲಿ ನಿಲ್ಲಿಸಿಟ್ಟಿತು, ವಿಸ್ಟಾದಲ್ಲಿ ತೆಗೆದೇಹಾಕಿತು.

ಇನ್ನು ಸಂದೇಶದ ಮಾತು. ನನಗೆ ಸ್ಕ್ರಿಪ್ಟ್‌ಗಿಂತ ಇದರ ಮೇಲೆಯೇ ಹೆಚ್ಚು ಕಾಳಜಿ. ‘ಸಿಸ್ಟಮ್ ಶೀಘ್ರದಲ್ಲೇ ಸ್ಥಗಿತಗೊಳ್ಳಲಿದೆ’ ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ‘ಹತ್ತು ನಿಮಿಷದಲ್ಲಿ’ ಎಂದೂ ಬರೆಯಬಾರದು. ಕಾಫಿ ಕುಡಿದು ಬಂದವರು ಓದುವಾಗ ಆ ಹತ್ತು ನಿಮಿಷ ಯಾವಾಗ ಶುರುವಾಯಿತೆಂದು ಹೇಗೆ ತಿಳಿಯಬೇಕು? ಗಡಿಯಾರದ ಸಮಯವನ್ನೇ ಕೊಡಿ: ‘ವಿದ್ಯುತ್ ಇಲ್ಲ. 3:40ಕ್ಕೆ ಈ ಕಂಪ್ಯೂಟರ್ ಬಂದ್ ಆಗುತ್ತದೆ. ಈಗಲೇ ಸೇವ್ ಮಾಡಿ ಲಾಗೌಟ್ ಆಗಿ. ಲ್ಯಾಬ್ ವಿಭಾಗ.’ ಡೆಸ್ಕ್‌ಟಾಪ್‌ನಲ್ಲಿ ಕನ್ನಡ ಫಾಂಟ್ ಇದ್ದರೆ ಈ ಸಾಲುಗಳು ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತವೆ. ಡೆಸ್ಕ್‌ಟಾಪ್ ಇಲ್ಲದ ಪಠ್ಯ ಪರದೆಯಲ್ಲಿ, ಅಂದರೆ ಲಿನಕ್ಸ್‌ನ ಬರಿಯ ಕನ್ಸೋಲ್‌ನಲ್ಲಿ ಮೂಡುವುದಿಲ್ಲ, ಅಲ್ಲಿನ ಫಾಂಟ್‌ಗೆ 512 ಅಕ್ಷರರೂಪಗಳ ಮಿತಿ ಇದೆ. ಅಲ್ಲಿಗೆ ಇಂಗ್ಲಿಷ್ ಸಾಲನ್ನು ಕಳಿಸಿ, ಡೆಸ್ಕ್‌ಟಾಪ್‌ಗೆ ಕನ್ನಡವನ್ನು ಕಳಿಸಿ.

ದೀಪ ಮಿಣುಕಿದಾಗಲೆಲ್ಲ ಎಚ್ಚರಿಸುವುದೂ ತಪ್ಪು. ಸುಮ್ಮನೆ ಹೆದರಿಸುತ್ತಿದ್ದರೆ ನಿಜವಾದ ಆಪತ್ತಿನ ದಿನ ಯಾರೂ ತಲೆಯೆತ್ತುವುದಿಲ್ಲ. ‘ಯುಪಿಎಸ್‌ಶೆಡ್’ ಎಂಬ ಜೊತೆಯ ಸಾಧನದಲ್ಲಿ ಟೈಮರ್ ಇಡಬಹುದು: ಕರೆಂಟ್ ಹೋಗಿ 30 ಸೆಕೆಂಡಾದರೂ ಬರದಿದ್ದರೆ ಮಾತ್ರ ಸಂದೇಶ, ಅಷ್ಟರಲ್ಲಿ ಬಂದರೆ ಟೈಮರ್ ರದ್ದು. ಸಂದೇಶ ಹೋದ ಮೇಲೆ ಕರೆಂಟ್ ಬಂದರೆ ಶಟ್‌ಡೌನ್ ಅನ್ನು ರದ್ದು ಮಾಡಿ, ‘ವಿದ್ಯುತ್ ಬಂದಿದೆ, ಕೆಲಸ ಮುಂದುವರಿಸಿ’ ಎಂದು ಅದೇ ದಾರಿಯಲ್ಲಿ, ಅಷ್ಟೇ ಜನರಿಗೆ ತಿಳಿಸಿ. ಈ ಎರಡನೆಯ ಸಂದೇಶವಿಲ್ಲದಿದ್ದರೆ ಸೇವ್ ಮಾಡಿ ಎದ್ದವರು ಕರೆಂಟ್ ಬಂದ ಮೇಲೂ ಹೊರಗೆ ವರಾಂಡದಲ್ಲಿಯೇ ಕಾಯುತ್ತಿರುತ್ತಾರೆ.