ಮುದಿ ಮಂಗದ ಮಿದುಳನ್ನು ಎಂಆರ್‌ಐನಲ್ಲಿ ನೋಡುವುದು ಹೇಗೆ?

ಓದುಗರ ಪ್ರಶ್ನೆ: ಮುಪ್ಪನ್ನು ಅರಿಯಲು ಮಂಗಗಳಿಗೆ ಎಂಆರ್‌ಐ ಮಾಡುತ್ತಾರಂತೆ. ಅವು ಅಲುಗಾಡದೆ ಮಲಗುತ್ತವೆಯೇ?

ತಾವಾಗಿ ಮಲಗುವುದಿಲ್ಲ. ಸಾಮಾನ್ಯವಾಗಿ ಅರಿವಳಿಕೆ ಕೊಟ್ಟೇ ಮಲಗಿಸುತ್ತಾರೆ. ವಾಂತಿಯಾಗಿ ಶ್ವಾಸನಾಳಕ್ಕೆ ಇಳಿಯಬಾರದೆಂದು ಹಿಂದಿನ ರಾತ್ರಿಯಿಂದಲೇ ಆಹಾರ ನಿಲ್ಲಿಸುತ್ತಾರೆ. ಮೊದಲು ಸ್ನಾಯುವಿಗೆ ಕೆಟಮಿನ್ ಚುಚ್ಚುಮದ್ದು, ಕಿಲೋ ತೂಕಕ್ಕೆ ಸುಮಾರು 10 ಮಿಲಿಗ್ರಾಂ. ಅದರಿಂದ ಜೊಲ್ಲು ಹೆಚ್ಚುವುದರಿಂದ ಅಟ್ರೋಪಿನ್ ಕೂಡ ಕೊಡುವುದುಂಟು. ಬಳಿಕ ಗಂಟಲಿಗೆ ಕೊಳವೆ ಇಳಿಸಿ ಐಸೋಫ್ಲುರೇನ್ ಅನಿಲ. ಅರಿವಳಿಕೆಯಲ್ಲಿ ಮೈ ಬೇಗ ತಣ್ಣಗಾಗುತ್ತದೆ, ಹಾಗಾಗಿ ಅಡಿಯಲ್ಲಿ ಬಿಸಿನೀರು ಹರಿಯುವ ಹಾಸು. ಮುದಿ ಪ್ರಾಣಿಯಲ್ಲಿ ರಕ್ತದೊತ್ತಡ ಸರ್ರನೆ ಇಳಿಯಬಹುದು. ಮಾನಿಟರ್‌ನಿಂದ ಕಣ್ಣು ತೆಗೆಯುವಂತಿಲ್ಲ.

ನಿಜವಾದ ತಲೆನೋವು ಗಾತ್ರದ್ದು. ರೀಸಸ್ ಮಂಗದ ಮಿದುಳು ಹೆಚ್ಚುಕಡಿಮೆ 90 ಗ್ರಾಂ. (ಇದು ಉತ್ತರ ಭಾರತದ ಮಂಗ, ನಮ್ಮೂರ ದೇವಸ್ಥಾನಗಳ ಮುಂದೆ ಬಾಳೆಹಣ್ಣು ಕಸಿಯುವುದು ಅದರ ನೆಂಟ, ಬಾನೆಟ್ ಮಂಗ.) ಮನುಷ್ಯರಿಗೆ 1 ಮಿಲಿಮೀಟರ್ ಘನದ ವಾಕ್ಸೆಲ್ (ಚಿತ್ರವನ್ನು ಕಟ್ಟುವ ಪುಟ್ಟ ಘನಾಕಾರದ ಚುಕ್ಕಿ) ಸಾಕು, ಇಲ್ಲಿ 0.5 ಬೇಕು. ಬದಿ ಅರ್ಧವಾದರೆ ಗಾತ್ರ ಎಂಟನೇ ಒಂದಾಗುತ್ತದೆ, ಸಿಗ್ನಲ್ ಕೂಡ ಅಷ್ಟೇ. ಅದನ್ನು ಬರೀ ಸಮಯದಿಂದ ತುಂಬಿಕೊಳ್ಳಲು ಹೋದರೆ ಸ್ಕ್ಯಾನ್ 64 ಪಟ್ಟು ಉದ್ದವಾಗಬೇಕು, ಏಕೆಂದರೆ ಚಿತ್ರ ಎಂಟು ಪಟ್ಟು ಸ್ಪಷ್ಟವಾಗಲು ಸಮಯ ಎಂಟೆಂಟಲ ಪಟ್ಟು ಬೇಕು! ಅದರ ಬದಲು ತಲೆಗೆ ಒತ್ತಿಕೊಂಡಂತಿರುವ ಸಣ್ಣ ಕಾಯಿಲ್ (ಸಿಗ್ನಲ್ ಹಿಡಿಯುವ ತಂತಿ ಸುರುಳಿ) ಬಳಸುತ್ತಾರೆ. ಮನುಷ್ಯರ ಮಂಡಿಯ ಕಾಯಿಲ್ ಕೂಡ ಕೆಲಸಕ್ಕೆ ಬಂದಿದೆ.

ಚಿತ್ರ ಬಂದ ಮೇಲೂ ಎಡವಟ್ಟುಗಳಿವೆ. ವಯಸ್ಸಾದ ಗಂಡು ಮಂಗದ ದವಡೆಯ ಸ್ನಾಯು ತಲೆಬುರುಡೆಯ ಮೇಲೆಲ್ಲ ದಪ್ಪಗೆ ಹಬ್ಬಿರುತ್ತದೆ. ಮನುಷ್ಯರಿಗೆಂದು ಬರೆದ ಸಾಫ್ಟ್‌ವೇರ್ ಅದನ್ನೂ ಮಿದುಳೆಂದೇ ಲೆಕ್ಕ ಹಾಕಿಬಿಡುತ್ತದೆ. ಮಂಗದ್ದೇ ಮಾದರಿ ನಕ್ಷೆ ಬಳಸಿ, ಅಂಚುಗಳನ್ನು ಪದರ ಪದರವಾಗಿ ಕೈಯಿಂದ ತಿದ್ದಬೇಕು. ಇನ್ನೊಂದು ಮೋಸ ಕಬ್ಬಿಣದ್ದು. ಮುಪ್ಪಿನಲ್ಲಿ ಅದು ಮಿದುಳಿನ ಆಳದ ನರಕೋಶ ಗುಂಪುಗಳಲ್ಲಿ ಸೇರಿಕೊಂಡು ಬೂದು-ಬಿಳಿ ಭಾಗಗಳ ಗಡಿಯನ್ನೇ ಮಸುಕಾಗಿಸುತ್ತದೆ. ಕುಗ್ಗದ ಭಾಗವೂ ಕುಗ್ಗಿದಂತೆ ಅಳತೆ ಬರಬಹುದು.

ಇಷ್ಟು ಪಾಡುಪಟ್ಟದ್ದಕ್ಕೆ ಫಲವಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1989ರಲ್ಲಿ ಶುರುವಾದ ಅಧ್ಯಯನದಲ್ಲಿ ಕೆಲವು ಮಂಗಗಳಿಗೆ 30% ಕಡಿಮೆ ಕ್ಯಾಲೊರಿ ಕೊಟ್ಟರು. 2009ರಲ್ಲಿ ಪ್ರಕಟವಾದ ಸ್ಕ್ಯಾನ್‌ಗಳಲ್ಲಿ, ಅವುಗಳ ಮಿದುಳಿನ ಆಳದ ಕಾಡೇಟ್, ಪುಟಾಮೆನ್ ಭಾಗಗಳು ಹೊಟ್ಟೆತುಂಬ ತಿಂದವುಗಳಿಗಿಂತ ಕಡಿಮೆ ಸವೆದಿದ್ದವು.

ಮಂಗದ ಒಂದು ವರ್ಷ ನಮ್ಮ ಸುಮಾರು ಮೂರಕ್ಕೆ ಸಮ. ಹಾಗಾಗಿ ಅದೇ ಮಂಗವನ್ನು ಕೆಲವು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದರೆ ಬದಲಾವಣೆ ಕಾಣುತ್ತದೆ. ನಡುವೆ ಯಂತ್ರವನ್ನೋ ಅದರ ಸಾಫ್ಟ್‌ವೇರನ್ನೋ ಬದಲಿಸಿದರೆ ಮಾತ್ರ ಕೆಲಸ ಕೆಟ್ಟಿತು: ಮಿದುಳು ಇನ್ನೂ ಸವೆಯದ ಎಳೆಯ ಮಂಗಗಳನ್ನೂ ಹಳೆಯದು, ಹೊಸದು ಎರಡರಲ್ಲೂ ಸ್ಕ್ಯಾನ್ ಮಾಡಿ ಹೋಲಿಸದೆ ಆ ಅಂಕಿಗಳನ್ನು ನಂಬುವಂತಿಲ್ಲ.